ಜುಡ್ ಬಂದ ವರ್ಷ: ಮಂಗೋಲಿಯಾದ ಕುರಿಗಾಹಿಗಳ ಮನೆ ಲೆಕ್ಕ

ಒಂದು ಕುಶಲ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಮುಂಡಗೋಡಿಗೆ ಹೋಗಿದ್ದೆ. ಅಲ್ಲಿನ ಟಿಬೆಟನ್ ಕಾಲೊನಿಯ ಗೋಮಾಂಗ್ ಮಠಕ್ಕೆ ಮಂಗೋಲಿಯಾದಿಂದಲೂ ಹುಡುಗರು ಓದಲು ಬರುತ್ತಾರೆ. ನಮ್ಮ ರಾಜ್ಯದಲ್ಲೇ ಇದ್ದರೂ ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಒಬ್ಬ ಯುವ ಸನ್ಯಾಸಿಯ ಜೊತೆ ಚಹಾ ಕುಡಿಯುತ್ತಾ ಕೂತಾಗ ಸುಮ್ನೆ ಕೇಳಿದೆ: ನಿಮ್ಮ ಊರಲ್ಲಿ ಇಬ್ಬರು ಎದುರಾದರೆ ಮೊದಲು ಏನು ಕೇಳುತ್ತಾರೆ? ನಮ್ಮಲ್ಲಿ ಊಟ ಆಯ್ತಾ ಅಂತೀವಿ, ಮಳೆ ಬೆಳೆ ಹೇಗೆ ಅಂತೀವಿ. ಅವರು ಹೇಳಿದರು, ಅದು ಯಾವ ಕಾಲ ಅನ್ನುವುದರ ಮೇಲೆ ಹೋಗುತ್ತದೆ. ಚಳಿಗಾಲದಲ್ಲಾದರೆ 'ಚಳಿಗಾಲ ಚೆನ್ನಾಗಿ ಕಳೀತಾ ಇದ್ದೀರಾ' ಅಂತ. ಚಳಿ ಮುಗಿದು ಕುರಿ ಮರಿ ಹಾಕುವ ಕಾಲದಲ್ಲಾದರೆ ವಸಂತ ಹೇಗೆ ಕಳೀತಾ ಇದ್ದೀರಿ ಅಂತ. ಹುಲ್ಲು ಮುಗಿಯುವ ಹೊತ್ತಿಗಾದರೆ 'ದನಕುರಿ ಮೈ ತುಂಬಿಕೊಂಡಿವೆಯಾ' ಅಂತ.

ಮೈ ತುಂಬಿಕೊಂಡಿವೆಯಾ. ಈ ಮಾತನ್ನು ಹಾಗೇ ಇಟ್ಟುಕೊಳ್ಳಿ. ಮಂಗೋಲಿಯಾದ ಕುರಿಗಾಹಿಗಳ ಹಿಂಡು ಚಳಿಗಾಲದಲ್ಲಿ ಹೇಗೆ ಸಾಯುತ್ತದೆ, ಆಮೇಲೆ ಮನೆ ಏನಾಗುತ್ತದೆ ಅಂತ ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೆಲ್ಲ ಅದರೊಳಗೇ ಇದೆ.

ಇನ್ನೊಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಅವರ ಭಾಷೆಯಲ್ಲಿ ಸಾಕಿದ ಪ್ರಾಣಿಗಳಿಗೆ 'ಮಾಲ್' ಅಂತಾರೆ. ಕೇಳಿದ ಕೂಡಲೇ ನನಗೆ ನಮ್ಮ 'ಮಾಲು' ನೆನಪಾಯಿತು, ಅಂಗಡಿಯವರು ಮಾಲು ಬಂತಾ ಅಂತ ಕೇಳುತ್ತಾರಲ್ಲ, ಅದೇ. ಎರಡಕ್ಕೂ ಮೂಲ ಸ್ವತ್ತು ಅನ್ನುವ ಅರ್ಥದ ಒಂದು ಅರಬ್ಬಿ ಪದ ಅಂತ ಭಾಷೆ ಓದಿದವರು ಹೇಳುವುದನ್ನು ಕೇಳಿದ್ದೇನೆ. ನಮ್ಮಲ್ಲೂ ದನ ಅಂದರೆ ಧನ ಅಂತ ಹಿರಿಯರು ಹೇಳುತ್ತಿದ್ದರು, ಅಲ್ವಾ? ಇಲ್ಲಿ ಕೂತಿರುವವರಲ್ಲಿ ಕುರಿ ಸಾಕಿದ ಮನೆಯವರು ಸುಮಾರು ಜನ ಇದ್ದೀರಿ. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೊಪ್ಪದಲ್ಲಿ ಇರುವುದೇ ದುಡ್ಡು. ಅದು ಮೇಯುತ್ತದೆ, ಮರಿ ಹಾಕುತ್ತದೆ, ಕಾಯಿಲೆ ಬೀಳುತ್ತದೆ, ಸಾಯುತ್ತದೆ.

ಈಗ ದೇಶವನ್ನು ನೋಡೋಣ. ಮಂಗೋಲಿಯಾ ಕರ್ನಾಟಕದ ಎಂಟು ಪಟ್ಟು ದೊಡ್ಡದು. ಜನ ಸುಮಾರು 35 ಲಕ್ಷ. ಅಂದರೆ ಬೆಂಗಳೂರಿನ ಮೂರನೇ ಒಂದು ಪಾಲು ಕೂಡ ಇಲ್ಲ. ಅದರಲ್ಲೂ ಹತ್ತಿರ ಹತ್ತಿರ ಅರ್ಧ ಜನ ರಾಜಧಾನಿ ಉಲಾನ್‌ಬಾತರ್‌ನಲ್ಲೇ ಇದ್ದಾರೆ. ಪ್ರಾಣಿಗಳ ಲೆಕ್ಕ ಬೇರೆ: 2024ರ ಕೊನೆಗೆ 5 ಕೋಟಿ 76 ಲಕ್ಷ. ಪ್ರತಿ ಡಿಸೆಂಬರ್‌ನಲ್ಲಿ ಇಡೀ ದೇಶದ ಪ್ರಾಣಿಗಳನ್ನು ಎಣಿಸುತ್ತಾರೆ. ಕುದುರೆ, ದನ, ಒಂಟೆ, ಕುರಿ, ಮೇಕೆ, ಈ ಐದು. ಚಮರೀಮೃಗ ದನದ ಲೆಕ್ಕಕ್ಕೆ ಬರುತ್ತದೆ. ಎಲ್ಲವನ್ನೂ ಒಂದೇ ಅಳತೆಗೆ ತರಲು ಕುರಿಯನ್ನೇ ಮಾನ ಮಾಡಿಕೊಂಡಿದ್ದಾರೆ. ಒಂದು ಒಂಟೆ 5 ಕುರಿಗೆ ಸಮ, ಒಂದು ದನ 6 ಕುರಿಗೆ, ಒಂದು ಕುದುರೆ 7 ಕುರಿಗೆ. ಮೇಕೆ ಒಂದು ಕುರಿಗಿಂತ ಸ್ವಲ್ಪ ಕಡಿಮೆ, 0.9. ಯಾವ ಪ್ರಾಣಿ ಎಷ್ಟು ಹುಲ್ಲು ತಿನ್ನುತ್ತದೆ ಅನ್ನುವುದರ ಮೇಲೆ ಈ ಲೆಕ್ಕ.

ಹುಲ್ಲುಗಾವಲು ಯಾರ ಸ್ವಂತದ್ದೂ ಅಲ್ಲ. 1992ರ ಸಂವಿಧಾನದ ಪ್ರಕಾರ ಅದನ್ನು ಖಾಸಗಿಯವರಿಗೆ ಕೊಡುವ ಹಾಗಿಲ್ಲ. ನಮ್ಮ ಗೋಮಾಳವನ್ನು ನೆನೆಸಿಕೊಳ್ಳಿ, ಆದರೆ ಬೇಲಿ ಇಲ್ಲದ, ಒತ್ತುವರಿ ಇಲ್ಲದ, ಕಣ್ಣು ಹಾಯುವ ತನಕ ಇರುವ ಗೋಮಾಳ. ಒಂದು ಮನೆಯವರು ವರ್ಷಕ್ಕೆ ನಾಲ್ಕು ಕಡೆ ಬಿಡಾರ ಹೂಡುತ್ತಾರೆ. ಬೇಸಿಗೆಗೆ ನದಿ ಹತ್ತಿರ. ಚಳಿಗಾಲಕ್ಕೆ ಗುಡ್ಡದ ಮರೆಯಲ್ಲಿ, ಉತ್ತರದ ಗಾಳಿ ಬಡಿಯದ, ಬಿಸಿಲು ಬೀಳುವ ದಕ್ಷಿಣದ ಇಳಿಜಾರಿನಲ್ಲಿ. ಮನೆ ಅಂದರೆ ಗೆರ್, ಉಣ್ಣೆಯ ದಪ್ಪ ಕಂಬಳಿ ಹೊದಿಸಿದ ಗುಂಡು ಡೇರೆ. ಒಂದೆರಡು ಗಂಟೆಯಲ್ಲಿ ಬಿಚ್ಚಿ ಗಾಡಿಗೆ ಹೇರಬಹುದು. ಒಲೆಗೆ ಒಣಗಿದ ಸಗಣಿ, ನಮ್ಮ ಕುಳ್ಳಿನ ಹಾಗೆಯೇ, ತಟ್ಟುವುದಿಲ್ಲ ಅಷ್ಟೆ, ಬಿದ್ದಲ್ಲೇ ಒಣಗಿದ್ದನ್ನು ಆರಿಸಿ ತರುತ್ತಾರೆ. ಕುರಿ ಹಿಕ್ಕೆ ಚಳಿಗಾಲದ ರೊಪ್ಪದಲ್ಲಿ ತುಳಿದು ತುಳಿದು ಗಟ್ಟಿಯಾಗಿ ಒಂದು ಹಾಸಿಗೆ ಆಗಿರುತ್ತದೆ. ಅದೇ ಕುರಿಗಳಿಗೆ ರಾತ್ರಿ ಬೆಚ್ಚಗೆ. ಹೊರಗೆ ಮೈನಸ್ 30, ಮೈನಸ್ 40 ಡಿಗ್ರಿ. ಕುರಿ ಒಂದಕ್ಕೊಂದು ಒತ್ತಿಕೊಂಡು ಹಿಕ್ಕೆ ಹಾಸಿಗೆ ಮೇಲೆ ಮಲಗುತ್ತದೆ, ಉಳಿಯುತ್ತದೆ. ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಅಲ್ಲಿನ ಪ್ರಾಣಿಗೆ ಚಳಿ ಹೊಸದಲ್ಲ. ಬರೀ ಚಳಿ ಅದನ್ನು ಅಷ್ಟು ಸುಲಭವಾಗಿ ಕೊಲ್ಲುವುದಿಲ್ಲ.

ಹಾಗಾದರೆ ಲಕ್ಷಗಟ್ಟಲೆ ಸಾಯುವುದು ಹೇಗೆ? ಅದಕ್ಕೆ ಅವರ ಬಳಿ ಒಂದು ಪದ ಇದೆ: ಜುಡ್. ಚಳಿಗಾಲದಲ್ಲಿ ಪ್ರಾಣಿಗೆ ಮೇವು ಸಿಗದ ಹಾಗಾಗುವುದು. ಅದರಲ್ಲಿ ಬಗೆಗಳಿವೆ. ಬಿಳಿ ಜುಡ್ ಅಂದರೆ ಹಿಮ ಆಳವಾಗಿ ಬಿದ್ದು ಹುಲ್ಲು ಕೈಗೆ ಸಿಗದಿರುವುದು. ಕಪ್ಪು ಜುಡ್ ಅಂದರೆ ಅದರ ಉಲ್ಟಾ, ಹಿಮವೇ ಬೀಳದಿರುವುದು. ಹಿಮ ಬೀಳದಿದ್ದರೆ ಒಳ್ಳೆಯದೇ ಅಲ್ವಾ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಆದರೆ ಚಳಿಗಾಲದಲ್ಲಿ ಹೊಳೆ ಕೆರೆ ಎಲ್ಲ ಕಲ್ಲಾಗಿರುತ್ತದೆ, ಕುರಿ ನೀರಿನ ಬದಲು ಹಿಮವನ್ನೇ ತಿಂದು ಬದುಕುತ್ತದೆ, ಹಿಮವೇ ಇಲ್ಲದಿದ್ದರೆ ಬಾಯಾರಿ ಸಾಯುತ್ತದೆ. ಇನ್ನೊಂದು ಕಬ್ಬಿಣದ ಜುಡ್. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಕ್ರೂರ. ನಡುಚಳಿಗಾಲದಲ್ಲಿ ಎರಡು ದಿನ ಬಿಸಿ ಆಗುತ್ತದೆ, ಹಿಮದ ಮೇಲ್ಭಾಗ ಕರಗುತ್ತದೆ, ಆಮೇಲೆ ಮತ್ತೆ ಚಳಿ ಬಂದು ಅದು ಗಾಜಿನ ಹಾಳೆ ಆಗುತ್ತದೆ. ಹುಲ್ಲು ಕೆಳಗೇ ಇದೆ, ಕೆಲವು ಸಲ ಕಾಣಿಸುತ್ತದೆ ಕೂಡ, ಆದರೆ ಬಾಯಿಗೆ ಸಿಗುವುದಿಲ್ಲ.

ಇಲ್ಲಿ ಪ್ರಾಣಿಗಳ ನಡುವೆ ಒಂದು ಹೊಂದಾಣಿಕೆ ಇದೆ. ಕುದುರೆ ಗೊರಸಿನಿಂದ ಹಿಮ ಕೆದರಿ ಹುಲ್ಲು ತೆಗೆಯುತ್ತದೆ. ಹಾಗಾಗಿ ಕುದುರೆಗಳನ್ನು ಮೊದಲು ಬಿಡುತ್ತಾರೆ. ಅವು ಕೆದರಿ, ಮೇಲಿನದು ತಿಂದು ಮುಂದೆ ಹೋದ ಜಾಗದಲ್ಲಿ ಕುರಿ ಮೇಕೆ ಬಂದು ಮೇಯುತ್ತವೆ. ಕುರಿಯೂ ಕೆದರುತ್ತದೆ, ಆದರೆ ತೆಳು ಹಿಮ ಇದ್ದರೆ ಮಾತ್ರ. ದನಕ್ಕೆ ಕೆದರುವುದೇ ಬರುವುದಿಲ್ಲ. ಕಬ್ಬಿಣದ ಜುಡ್ ಬಂದರೆ ಕುದುರೆಯ ಕಾಲೂ ಸೋಲುತ್ತದೆ. ಮಂಜುಗಡ್ಡೆ ಒಡೆಯಲು ಹೋಗಿ ಕಾಲಿನ ಚರ್ಮ ಹರಿದು ಹಿಮದ ಮೇಲೆ ರಕ್ತದ ಗುರುತು ಬೀಳುತ್ತದೆ.

ಇಷ್ಟು ಕೇಳಿದರೆ ಎಲ್ಲ ಚಳಿಗಾಲದ ಕಥೆ ಅನಿಸುತ್ತದೆ. ಅಲ್ಲ. ಅದಕ್ಕೇ ಮೈ ತುಂಬಿಕೊಂಡಿವೆಯಾ ಅನ್ನುವ ಪ್ರಶ್ನೆ ಇಟ್ಟುಕೊಳ್ಳಿ ಅಂದಿದ್ದು. ಅಲ್ಲಿ ಬೇಸಿಗೆ ಅಂದರೆ ಮಳೆಗಾಲ. ಜೂನ್, ಜುಲೈ, ಆಗಸ್ಟ್, ಇಷ್ಟೇ ಹುಲ್ಲು ಬೆಳೆಯುವ ಕಾಲ. ಈ ಮೂರು ತಿಂಗಳು ಮತ್ತು ಅದರ ನಂತರದ ಶರತ್ಕಾಲದಲ್ಲಿ ಪ್ರಾಣಿ ಮೈಮೇಲೆ ಎಷ್ಟು ಕೊಬ್ಬು ಕಟ್ಟಿಕೊಳ್ಳುತ್ತದೋ ಅದೇ ಅದರ ಬುತ್ತಿ. ನವೆಂಬರ್‌ನಿಂದ ಏಪ್ರಿಲ್ ತನಕ ಆ ಬುತ್ತಿ ಬಿಚ್ಚಿ ತಿನ್ನುತ್ತಾ ಹೋಗುತ್ತದೆ. ಜುಲೈನಲ್ಲಿ ಮಳೆ ಕೈಕೊಟ್ಟರೆ ಬುತ್ತಿ ಅರ್ಧ. ಕೊಯ್ದು ಬಣವೆ ಹಾಕಲು ಹುಲ್ಲೂ ಇಲ್ಲ. ಆಮೇಲೆ ಸಾಧಾರಣ ಚಳಿ ಬಂದರೂ ಸಾಕು. ಪ್ರಾಣಿಗಳು ಜಾಸ್ತಿ ಸಾಯುವುದು ಜನವರಿಯ ಚಳಿಯಲ್ಲಿ ಅಲ್ಲ, ಮಾರ್ಚ್ ಏಪ್ರಿಲ್‌ನಲ್ಲಿ, ಇನ್ನೇನು ಹಸಿರು ಬರುತ್ತದೆ ಅನ್ನುವಾಗ. ಗಬ್ಬದ ಕುರಿಗಳು ಮೊದಲು. ಹೊಟ್ಟೆಯಲ್ಲಿ ಮರಿ, ಮೈಯಲ್ಲಿ ಏನೂ ಇಲ್ಲ.

ಮುಂದೆ ಕೂತಿರುವ ಹುಡುಗಿ ಆಗಲೇ ಕೇಳಿದಳು: ಸಾರ್, ಭೂಮಿ ಬಿಸಿಯಾದರೆ ಅಷ್ಟು ಚಳಿ ದೇಶಕ್ಕೆ ಒಳ್ಳೆಯದೇ ಅಲ್ವಾ? ಒಳ್ಳೆಯ ಪ್ರಶ್ನೆ. ಮಂಗೋಲಿಯಾ ಬಿಸಿಯಾಗಿದೆ, ಅದೂ ಪ್ರಪಂಚದ ಸರಾಸರಿಗಿಂತ ಬೇಗ. 1940ರಿಂದ ಈಚೆಗೆ ಅಲ್ಲಿನ ಉಷ್ಣಾಂಶ 2 ಡಿಗ್ರಿಗಿಂತ ಜಾಸ್ತಿ ಏರಿದೆ. ಆದರೆ ಬಿಸಿ ಬಂದಿದ್ದು ಎಲ್ಲಿ ಬೇಡವೋ ಅಲ್ಲಿ. ಬೇಸಿಗೆಯಲ್ಲಿ ಬಿಸಿ ಜಾಸ್ತಿಯಾಗಿ ಬಿದ್ದ ಮಳೆ ನೆಲಕ್ಕೆ ಇಳಿಯುವ ಮೊದಲೇ ಆವಿಯಾಗುತ್ತದೆ. ಹದವಾಗಿ ಜಿಟಿಜಿಟಿ ಬರುವ ಮಳೆ ಕಡಿಮೆಯಾಗಿ, ಒಂದೇ ಸಲ ಸುರಿದು ಹರಿದು ಹೋಗುವ ಮಳೆ ಜಾಸ್ತಿ. ಚಳಿಗಾಲದ ನಡುವೆ ಬಿಸಿ ಬಂದರೆ ನಾನು ಹೇಳಿದ ಗಾಜಿನ ಹಾಳೆ. ಹಾಗಾಗಿ ಬಿಸಿಯಾದಷ್ಟೂ ಜುಡ್ ಕಡಿಮೆ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಹಿಂದೆ ಹತ್ತು ವರ್ಷಕ್ಕೊಮ್ಮೆ ಅಂತ ಹಿರಿಯರು ನೆನೆಯುತ್ತಿದ್ದದ್ದು ಈಗ ಎರಡು ಮೂರು ವರ್ಷಕ್ಕೆ ಬಂದು ನಿಂತಿದೆ.

ಎಷ್ಟು ಹೋದವು ಅಂತ ಕೇಳುತ್ತೀರಿ. 1999ರಿಂದ 2002ರ ತನಕ ಸಾಲಾಗಿ ಮೂರು ಚಳಿಗಾಲ ಜುಡ್ ಬಿತ್ತು, ಒಂದು ಕೋಟಿಗೂ ಜಾಸ್ತಿ ಪ್ರಾಣಿ ಹೋದವು. 2009-10ರ ಒಂದೇ ಚಳಿಗಾಲದಲ್ಲಿ ಮತ್ತೆ ಒಂದು ಕೋಟಿಯಷ್ಟು. ದೇಶದ ಐದರಲ್ಲಿ ಒಂದು ಪ್ರಾಣಿ. ಆ ವರ್ಷ ಸಾವಿರಾರು ಮನೆಗಳಲ್ಲಿ ಒಂದೇ ಒಂದು ಕುರಿ ಉಳಿಯಲಿಲ್ಲ. ವಿಶ್ವಸಂಸ್ಥೆಯ ಅಭಿವೃದ್ಧಿ ವಿಭಾಗದವರು ಆಗ ಒಂದು ಕೆಲಸ ಶುರು ಮಾಡಿದರು: ಸತ್ತ ಪ್ರಾಣಿಗಳನ್ನು ಗುಂಡಿ ತೋಡಿ ಹೂಳಿದವರಿಗೆ ಕೂಲಿ. ರೋಗ ಹರಡಬಾರದು, ಜನರ ಕೈಯಲ್ಲಿ ಒಂದಿಷ್ಟು ದುಡ್ಡು ಆಡಬೇಕು ಅಂತ. ಸರಿಯಾದ ಕೆಲಸವೇ. ಆದರೂ ಯೋಚನೆ ಮಾಡಿ, ಮನೆಯಲ್ಲಿ ಉಳಿದಿದ್ದ ಒಂದೇ ಕೆಲಸ ಅಂದರೆ ತಾವು ಹೆಸರಿಟ್ಟು ಸಾಕಿದ ಕುದುರೆಯನ್ನು ಹೂಳುವುದು. 2023-24ರ ಚಳಿಗಾಲದಲ್ಲಿ ಮತ್ತೆ 70 ಲಕ್ಷಕ್ಕೂ ಜಾಸ್ತಿ ಹೋದವು.

ಅವರಲ್ಲಿ ಒಂದು ಗಾದೆ ಇದೆ: ಶ್ರೀಮಂತ ಒಂದು ಜುಡ್‌ಗೆ, ವೀರ ಒಂದು ಬಾಣಕ್ಕೆ. ಎಷ್ಟೇ ಕುರಿ ಇರಲಿ, ಒಂದು ಚಳಿಗಾಲ ಸಾಕು ಅಂತ. ಗಾದೆ ಹುಟ್ಟಿದ ಕಾಲಕ್ಕೆ ಅದು ನಿಜ ಇದ್ದಿರಬೇಕು. ಈಗ ನನಗೆ ಅದು ಪೂರ್ತಿ ಒಪ್ಪಿಗೆ ಆಗುವುದಿಲ್ಲ. ಈಗ ಜುಡ್ ಬಡವನನ್ನೇ ಹುಡುಕಿಕೊಂಡು ಹೋಗುತ್ತದೆ.

ಹೇಗೆ ಅಂತ ಒಂದು ಲೆಕ್ಕ ಹಾಕೋಣ. ಇವು ನಾನು ಲೆಕ್ಕಕ್ಕೆ ಅಂತ ಕಟ್ಟಿದ ಎರಡು ಮನೆ. ಒಂದರಲ್ಲಿ 150 ಕುರಿ ಮೇಕೆ, ಇನ್ನೊಂದರಲ್ಲಿ 900. ಜುಡ್ ಬಂತು, ಎರಡೂ ಕಡೆ ಮೂರರಲ್ಲಿ ಒಂದು ಹೋಯಿತು. ಇವರಿಗೆ 100 ಉಳಿಯಿತು, ಅವರಿಗೆ 600. ಈಗ ಎರಡೂ ಮನೆಯಲ್ಲಿ ಹೊಟ್ಟೆ ಒಂದೇ, ಐದೈದು ಜನ. ವರ್ಷಕ್ಕೆ ತಿನ್ನಲು, ಹಿಟ್ಟು ಸಕ್ಕರೆ ತರಲು, ಮಕ್ಕಳ ಬಟ್ಟೆ ಪುಸ್ತಕಕ್ಕೆ ಅಂತ 40 ಪ್ರಾಣಿ ಬೇಕು ಅಂತ ಇಟ್ಟುಕೊಳ್ಳಿ. 600ರಲ್ಲಿ 40 ತೆಗೆದರೆ ಗೊತ್ತಾಗುವುದಿಲ್ಲ. 100ರಲ್ಲಿ 40 ತೆಗೆದರೆ ಹಿಂಡು ಮುಗಿಯಿತು. ಅದೂ ಆ ವರ್ಷ ಗಬ್ಬದ ಕುರಿ ಸತ್ತಿವೆ, ಮರಿ ಬಂದಿಲ್ಲ, ಉಳಿದವು ಬಡಕಲು. ಸೋತ ಕುರಿ ಮಾರಲು ಹೋದರೆ ಸಂತೆಯಲ್ಲಿ ಎಲ್ಲರೂ ಸೋತ ಕುರಿಯನ್ನೇ ತಂದಿರುತ್ತಾರೆ. ದರ ಬಿದ್ದಿರುತ್ತದೆ. ಹಿಟ್ಟಿನ ದರ ಬಿದ್ದಿರುವುದಿಲ್ಲ.

ಇದನ್ನು ಹೇಳುವಾಗ ನಮ್ಮ ಮನೆ ನೆನಪಾಗುತ್ತದೆ. ನಾನು ಏಳನೇ ಕ್ಲಾಸಿನ ತನಕ ನಮ್ಮಲ್ಲಿ ಕುರಿ ಇದ್ದವು. ಒಂದು ಬರದ ವರ್ಷ ಅಪ್ಪ ಸಂತೆಗೆ ಹೊಡೆದುಕೊಂಡು ಹೋದರು. ಬೆಳಗ್ಗೆ ಕೇಳಿದ ದರಕ್ಕೆ ಕೊಡಲಿಲ್ಲ, ಸಂಜೆ ಅದರ ಅರ್ಧಕ್ಕೆ ಕೊಟ್ಟು ಬಂದರು, ಯಾಕೆಂದರೆ ವಾಪಸ್ ಕರೆತಂದರೆ ಹಾಕಲು ಮೇವು ಇರಲಿಲ್ಲ. ಮುಂದಿನ ವರ್ಷ ಒಳ್ಳೆಯ ಮಳೆ ಬಂತು. ಹುಲ್ಲು ಮೊಣಕಾಲಿಗೆ ಬಂತು. ಮೇಯಲು ಕುರಿ ಇರಲಿಲ್ಲ. ಮಂಗೋಲಿಯಾದ ವರದಿಗಳನ್ನು ಓದುವಾಗ ನನಗೆ ಅಂಕಿಗಳಿಗಿಂತ ಮೊದಲು ಆ ಸಂಜೆಯ ಸಂತೆ ಕಣ್ಣಿಗೆ ಬರುತ್ತದೆ.

ಮತ್ತೆ ಅಲ್ಲಿಗೇ ಬರೋಣ. ಮೂರರಲ್ಲಿ ಒಂದು ಎರಡೂ ಮನೆಯಲ್ಲಿ ಹೋಯಿತು ಅಂದೆ. ನಿಜದಲ್ಲಿ ಹಾಗೂ ಆಗುವುದಿಲ್ಲ. ಜುಡ್ ಬರುವ ಸೂಚನೆ ಕಂಡರೆ ಅವರು ಮಾಡುವ ಹಳೇ ಉಪಾಯ ಒಂದಿದೆ, ಅದಕ್ಕೆ ಓತರ್ ಅಂತಾರೆ. ಹಿಂಡು ಹೊಡೆದುಕೊಂಡು ದೂರದ, ಹುಲ್ಲಿರುವ ಜಾಗಕ್ಕೆ ವಲಸೆ ಹೋಗುವುದು. ನಮ್ಮ ಕುರಿಗಾರರು ಮಳೆ ನೋಡಿಕೊಂಡು ಜಿಲ್ಲೆ ದಾಟುತ್ತಾರಲ್ಲ, ಹಾಗೆ. ಓತರ್‌ಗೆ ಲಾರಿ ಬೇಕು, ಡೀಸೆಲ್ ಬೇಕು, ಎರಡನೇ ಡೇರೆ ಬೇಕು, ಮುಖ್ಯವಾಗಿ ಗಟ್ಟಿ ಆಳು ಬೇಕು. 900 ಕುರಿಯವರಿಗೆ ಇವೆಲ್ಲ ಹೊಂದಿಸಲು ಆಗುತ್ತದೆ. 150ರವರು ಇದ್ದಲ್ಲೇ ಇದ್ದು ಕಾಯುತ್ತಾರೆ.

ಇದು ಯಾವಾಗಲೂ ಹೀಗೇ ಇತ್ತಾ? ಇಲ್ಲ. ಸ್ವಲ್ಪ ಹಿಂದಕ್ಕೆ ಹೋಗಬೇಕು. ಸಮಾಜವಾದಿ ಕಾಲದಲ್ಲಿ, 1950ರ ದಶಕದ ಕೊನೆಯಿಂದ 1990ರ ತನಕ, ಬಹುಪಾಲು ಪ್ರಾಣಿಗಳು ನೆಗ್ದೆಲ್ ಅನ್ನುವ ಸಹಕಾರ ಸಂಘಗಳದ್ದಾಗಿದ್ದವು. ಕುರಿಗಾಹಿಗೆ ಸಂಬಳ. ಸ್ವಂತಕ್ಕೆ ಕೆಲವೇ ಪ್ರಾಣಿ. ಜನಕ್ಕೆ ಅದರಲ್ಲಿ ಬೇಕಾದಷ್ಟು ಕಷ್ಟ ಇತ್ತು, ಬಲವಂತವಾಗಿ ಪ್ರಾಣಿ ಕಿತ್ತುಕೊಂಡಿದ್ದೂ ಹೌದು. ಆದರೆ ಲಾರಿ ನೆಗ್ದೆಲ್‌ನದ್ದು, ಪಶು ಡಾಕ್ಟರು ನೆಗ್ದೆಲ್‌ನವರು, ಕೊಳವೆಬಾವಿ ಕೆಟ್ಟರೆ ರಿಪೇರಿ ಅವರದ್ದೇ, ಮೇವಿನ ದಾಸ್ತಾನು ಸರ್ಕಾರದ್ದು. 1990ರ ನಂತರ ಎಲ್ಲ ಹಂಚಿಹೋಯಿತು. ಕಾರ್ಖಾನೆಗಳು ಮುಚ್ಚಿದವು. ಕೆಲಸ ಕಳೆದುಕೊಂಡವರು, ಮೇಷ್ಟ್ರು ಡ್ರೈವರು ಎಲ್ಲ, ಕೈಗೆ ಬಂದ ಹತ್ತಿಪ್ಪತ್ತು ಕುರಿ ಹಿಡಿದು ಹುಲ್ಲುಗಾವಲಿಗೆ ವಾಪಸ್ ಬಂದರು. ಹತ್ತು ವರ್ಷದಲ್ಲಿ ಕುರಿಗಾಹಿಗಳ ಸಂಖ್ಯೆ ಸುಮಾರು ಒಂದೂವರೆ ಲಕ್ಷದಿಂದ ನಾಲ್ಕು ಲಕ್ಷ ದಾಟಿತು. ಬಾವಿಗಳು ಕೆಟ್ಟು ನಿಂತವು, ಕೆಟ್ಟ ಬಾವಿಯ ಸುತ್ತ ಹುಲ್ಲು ಇದ್ದರೂ ಯಾರೂ ಹೋಗಲಿಲ್ಲ, ಚೆನ್ನಾಗಿರುವ ಬಾವಿಯ ಸುತ್ತ ಎಲ್ಲರೂ ಮುತ್ತಿದರು. ಅಷ್ಟರಲ್ಲಿ 1999 ಬಂತು. ಆ ಜುಡ್‌ನಲ್ಲಿ ಹೊಸಬರು ಜಾಸ್ತಿ ಕಳೆದುಕೊಂಡರು. ಅನುಭವ ಇರಲಿಲ್ಲ, ಒಳ್ಳೆಯ ಚಳಿಗಾಲದ ಬಿಡಾರ ಇರಲಿಲ್ಲ.

ಈಗ ಮೇಕೆ ವಿಷಯಕ್ಕೆ ಬರುತ್ತೇನೆ. ಆಡು ಮುಟ್ಟದ ಸೊಪ್ಪಿಲ್ಲ ಅಂತೀವಿ. ಅಲ್ಲಿ ಮೇಕೆಯ ಮೇಲೆ ಎಲ್ಲರಿಗೂ ಸಿಟ್ಟು. 1990ರಲ್ಲಿ ದೇಶದಲ್ಲಿ 51 ಲಕ್ಷ ಮೇಕೆ ಇದ್ದವು. 2019ರ ಹೊತ್ತಿಗೆ 2 ಕೋಟಿ 90 ಲಕ್ಷ ದಾಟಿದವು. ಮೇಕೆ ಹುಲ್ಲನ್ನು ಬುಡದ ತನಕ ಕಚ್ಚುತ್ತದೆ, ಬೇರು ಸಮೇತ ಕೀಳುತ್ತದೆ, ಗೊರಸು ಚೂಪು. ಹುಲ್ಲುಗಾವಲಿನ ಅರ್ಧಕ್ಕಿಂತ ಜಾಸ್ತಿ ಸವೆದಿದೆ. ಜುಡ್‌ನ ಬಗೆಗಳಲ್ಲಿ ಗೊರಸಿನ ಜುಡ್ ಅಂತಲೂ ಒಂದಿದೆ, ಪ್ರಾಣಿಗಳೇ ಜಾಸ್ತಿಯಾಗಿ ತುಳಿದು ಮೇವಿಲ್ಲದ ಹಾಗಾಗುವುದು. ಹಾಗಾದರೆ ಕುರಿಗಾಹಿಗಳಿಗೆ ಬುದ್ಧಿ ಇಲ್ಲವಾ? ಯಾಕೆ ಇಷ್ಟು ಮೇಕೆ ಸಾಕಿದರು?

ಕಾರಣ ಕ್ಯಾಶ್ಮೀರ್. ಮೇಕೆಯ ಒರಟು ಕೂದಲ ಕೆಳಗೆ ಚಳಿಗಾಲಕ್ಕೆ ಅಂತ ಬೆಳೆಯುವ ನವಿರಾದ ತುಪ್ಪಳ. ಚೀನಾ ಬಿಟ್ಟರೆ ಪ್ರಪಂಚದಲ್ಲಿ ಇದು ಜಾಸ್ತಿ ಸಿಗುವುದು ಮಂಗೋಲಿಯಾದಲ್ಲಿ. ವಸಂತದಲ್ಲಿ ಅದು ತಾನಾಗಿ ಉದುರಲು ಶುರುವಾದಾಗ ಬಾಚಿ ತೆಗೆಯಬೇಕು. ಮೇಕೆಯ ಕಾಲು ಕಟ್ಟಿ ಪಕ್ಕಕ್ಕೆ ಮಲಗಿಸುತ್ತಾರೆ. ತುದಿ ಬಾಗಿದ ತಂತಿಯ ಬಾಚಣಿಗೆ ಹಿಡಿದು ಕುತ್ತಿಗೆಯಿಂದ ಹೊಟ್ಟೆ ಕಡೆಗೆ ಎಳೆಯುತ್ತಾರೆ. ಬಾಚಣಿಗೆ ಹಲ್ಲಿನಲ್ಲಿ ಬೂದುಬಣ್ಣದ ಮೋಡದ ಹಾಗೆ ತುಪ್ಪಳ ಸಿಕ್ಕಿಕೊಳ್ಳುತ್ತದೆ, ಜೊತೆಗೆ ಹೊಟ್ಟು, ಮಣ್ಣು, ಒರಟು ಕೂದಲು. ಮೇಕೆ ಕಿರುಚುತ್ತದೆ. ಒಂದನ್ನು ಬಾಚಲು ಅರ್ಧ ಗಂಟೆಗೂ ಜಾಸ್ತಿ, ಸಿಗುವುದು ಸುಮಾರು 300 ಗ್ರಾಂ. ನೂರು ಮೇಕೆ ಬಾಚಿದ ಮೇಲೆ ಬೆರಳ ಗೆಣ್ಣುಗಳು ಮಡಚಲು ಬರುವುದಿಲ್ಲ.

ಆ 300 ಗ್ರಾಂ ತುಪ್ಪಳವೇ ಆ ಮನೆಯ ನಗದು. ಮಾಂಸ ಹಾಲು ಮನೆಗೆ ಆಗುತ್ತದೆ, ಒಂದಿಷ್ಟು ಮಾರಾಟಕ್ಕೂ ಆಗುತ್ತದೆ, ಆದರೆ ಒಂದೇ ಸಲ ಕೈಗೆ ದುಡ್ಡು ಬರುವುದು ಏಪ್ರಿಲ್ ಮೇನಲ್ಲಿ, ತುಪ್ಪಳ ಮಾರಿದಾಗ. ಉಳಿದ ವರ್ಷವೆಲ್ಲ ಉದ್ರಿ. ಊರಿನ ಅಂಗಡಿಯಲ್ಲಿ ಹಿಟ್ಟು, ಅಕ್ಕಿ, ಚಹಾಪುಡಿ, ಎಲ್ಲ ಪುಸ್ತಕದಲ್ಲಿ ಬರೆಸಿ ತರುವುದು, 'ತುಪ್ಪಳ ಬಂದ ಮೇಲೆ ಕೊಡ್ತೀನಿ' ಅನ್ನುವುದು. ಬ್ಯಾಂಕಿನಲ್ಲಿ ಕುರಿಗಾಹಿ ಸಾಲ ಅಂತಲೇ ಇದೆ, ಹಿಂಡನ್ನೇ ಅಡವಿಟ್ಟು ತೆಗೆಯುವುದು. ಈಗ ಜುಡ್‌ನ ಸೂಚನೆ ಬಂತು. ಹುಲ್ಲು ಕೊಳ್ಳಬೇಕು, ಹೊಟ್ಟು ಕೊಳ್ಳಬೇಕು. ಸಾಲ ತೆಗೆದು ಕೊಂಡರು. ಹಾಕಿದರು. ಆದರೂ ಪ್ರಾಣಿ ಸತ್ತಿತು. ಈಗ ಅಡವಿಟ್ಟ ಹಿಂಡೂ ಇಲ್ಲ, ಸಾಲ ಮಾತ್ರ ಇದೆ. ಕಂತು ಕಟ್ಟಲು ಬೇಗ ದುಡ್ಡು ಬರುವ ಪ್ರಾಣಿ ಬೇಕು. ಯಾವುದು? ಮೇಕೆ. ಬೇಗ ಮರಿ ಹಾಕುತ್ತದೆ, ತುಪ್ಪಳ ಕೊಡುತ್ತದೆ. ಹಾಗೆ ಜುಡ್ ಆದ ಮೇಲೆ ಎಷ್ಟೋ ಮನೆಗಳ ಹಿಂಡಿನಲ್ಲಿ ಮೇಕೆಯ ಪಾಲು ಏರುತ್ತದೆ, ಹುಲ್ಲು ಇನ್ನಷ್ಟು ಸವೆಯುತ್ತದೆ, ಮುಂದಿನ ಜುಡ್‌ಗೆ ದಾರಿ ಸಲೀಸಾಗುತ್ತದೆ. ಮೇಕೆಯನ್ನು ಬೈಯುವವರು ದಯವಿಟ್ಟು ಆ ಉದ್ರಿ ಪುಸ್ತಕವನ್ನೂ ಒಮ್ಮೆ ನೋಡಬೇಕು.

ಇದರಲ್ಲಿ ಇನ್ನೊಂದು ನೋವಿನ ಸಂಗತಿ ಇದೆ. ತುಪ್ಪಳ ಬಾಚಿದ ಮೇಲೆ ಮೇಕೆಯ ಮೈ ಬೋಳು. ಏಪ್ರಿಲ್ ಮೇನಲ್ಲಿ ಅಲ್ಲಿ ದಿಢೀರನೆ ಹಿಮದ ಬಿರುಗಾಳಿ ಬರುತ್ತದೆ. ಬಾಚಿದ ಮೇಕೆ ಒಂದು ರಾತ್ರಿಯ ಒದ್ದೆ ಚಳಿ ತಡೆಯುವುದಿಲ್ಲ. ಸ್ವಲ್ಪ ದಿನ ಕಾದು ಬಾಚಿದರೆ ಒಳ್ಳೆಯದು ಅಂತ ಅವರಿಗೂ ಗೊತ್ತು. ಆದರೆ ಕಂತಿನ ದಿನ ಕಾಯುವುದಿಲ್ಲ.

ಹೆಂಗಸರು, ಮಕ್ಕಳ ವಿಷಯ ನನಗೆ ತುಂಬಾ ಮುಖ್ಯ ಅನಿಸುತ್ತದೆ, ವರದಿಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. 2008ರಲ್ಲಿ ಶಾಲೆಗೆ ಸೇರುವ ವಯಸ್ಸನ್ನು 6ಕ್ಕೆ ಇಳಿಸಿದರು. ಶಾಲೆ ಇರುವುದು ಸುಮ್‌ನ ಕೇಂದ್ರದಲ್ಲಿ. ಸುಮ್ ಅಂದರೆ ನಮ್ಮ ತಾಲೂಕಿನ ಹಾಗೆ ಅಂತ ಇಟ್ಟುಕೊಳ್ಳಿ, ಬಿಡಾರದಿಂದ ಎಷ್ಟೋ ಕಿಲೋಮೀಟರ್ ದೂರ. ಹಾಸ್ಟೆಲ್ ಇದೆ, ಆದರೆ ಆರು ವರ್ಷದ ಮಗುವನ್ನು ಹಾಸ್ಟೆಲ್‌ನಲ್ಲಿ ಬಿಡಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಅದಕ್ಕೆ ಸೆಪ್ಟೆಂಬರ್ ಬಂದರೆ ತಾಯಿ ಮಗುವಿನ ಜೊತೆ ಸುಮ್‌ಗೆ ಹೋಗಿ ಡೇರೆ ಹಾಕುತ್ತಾಳೆ. ಗಂಡ ಒಬ್ಬನೇ, ಅಥವಾ ತಂದೆಯ ಜೊತೆ, ಚಳಿಗಾಲದ ಬಿಡಾರದಲ್ಲಿ. ಎರಡು ಒಲೆ, ಎರಡು ಖರ್ಚು. ಜುಡ್ ಬಂದಾಗ ಹಿಮ ಅಗೆಯಲು, ಸೋತ ಕುರಿಯನ್ನು ಎತ್ತಿ ಒಳಗೆ ತರಲು, ರಾತ್ರಿ ಎದ್ದು ನೋಡಲು ಎಷ್ಟು ಕೈ ಇದ್ದರೂ ಸಾಲದು. ಆಗಲೇ ಮನೆ ಎರಡು ಹೋಳಾಗಿರುತ್ತದೆ. ಶಾಲೆ ಬೇಡ ಅಂತ ನಾನು ಹೇಳುತ್ತಿಲ್ಲ. ಮನೆ ವರ್ಷಕ್ಕೆ ನಾಲ್ಕು ಕಡೆ ಓಡಾಡುತ್ತದೆ, ಶಾಲೆ ಒಂದೇ ಕಡೆ ನಿಂತಿದೆ. ಇಬ್ಬರಿಗೂ ಹೊಂದುವ ದಾರಿ ಇನ್ನೂ ಆಗಿಲ್ಲ.

ಹಿಂಡು ಮುಗಿದ ಮೇಲೆ ಉಳಿಯುವುದು ಉಲಾನ್‌ಬಾತರ್. ಊರ ಸುತ್ತ ಗುಡ್ಡಗಳ ಮೇಲೆ ಹಲಗೆ ಬೇಲಿ ಹಾಕಿಕೊಂಡು ಅದೇ ಗೆರ್ ಹೂಡುತ್ತಾರೆ. ನಗರದ ಅರ್ಧಕ್ಕಿಂತ ಜಾಸ್ತಿ ಜನ ಇಂಥ ಬಡಾವಣೆಗಳಲ್ಲಿದ್ದಾರೆ. ನಲ್ಲಿ ಇಲ್ಲ, ನೀರನ್ನು ಕ್ಯಾನಿನಲ್ಲಿ ಕೊಂಡು ತಳ್ಳುಗಾಡಿಯಲ್ಲಿ ತರಬೇಕು. ಹಳ್ಳಿಯಲ್ಲಿ ಒಲೆಗೆ ಸಗಣಿ ಬಿಟ್ಟಿ ಸಿಗುತ್ತಿತ್ತು, ಇಲ್ಲಿ ಕಲ್ಲಿದ್ದಲು ಕೊಳ್ಳಬೇಕು. ಇಷ್ಟೂ ಒಲೆಯ ಹೊಗೆ ಸೇರಿ ಚಳಿಗಾಲದಲ್ಲಿ ಆ ನಗರದ ಗಾಳಿ ಉಸಿರಾಡಲು ಆಗದ ಹಾಗಾಗುತ್ತದೆ. 2017ರಲ್ಲಿ ನಗರಾಡಳಿತ ಹೊಸಬರ ನೋಂದಣಿಯನ್ನೇ ನಿಲ್ಲಿಸಿತು, 2019ರಲ್ಲಿ ಸರ್ಕಾರ ನಗರದಲ್ಲಿ ಹಸಿ ಕಲ್ಲಿದ್ದಲು ನಿಷೇಧಿಸಿ ಉಂಡೆ ಮಾಡಿದ ಕಲ್ಲಿದ್ದಲು ಕೊಟ್ಟಿತು. ಆದರೆ ನೋಂದಣಿ ನಿಲ್ಲಿಸಿದರೆ ಜನ ಬರುವುದು ನಿಲ್ಲುತ್ತದಾ? ಬಂದರು, ಹೆಸರಿಲ್ಲದೆ ಇದ್ದರು, ಅಷ್ಟೆ. ಹೆಸರಿಲ್ಲದವರಿಗೆ ಆಸ್ಪತ್ರೆ, ಶಾಲೆ, ಸವಲತ್ತು ಎಲ್ಲಕ್ಕೂ ಪರದಾಟ. ಒಲೆಯ ಹೊಗೆಗೆ ಅವರನ್ನು ದೂರುವ ಮೊದಲು, ಅವರು ಇಲ್ಲಿಗೆ ಇಷ್ಟಪಟ್ಟು ಬಂದವರಲ್ಲ ಅನ್ನುವುದನ್ನು ಯಾರಾದರೂ ಹೇಳಬೇಕು.

ವಿಮೆ ಇಲ್ಲವಾ ಅಂತ ಹಿಂದಿನಿಂದ ಕೇಳಿದರು. ಇದೆ. 2006ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಮೂರು ಪ್ರಾಂತ್ಯಗಳಲ್ಲಿ ಶುರುವಾಗಿ ಆಮೇಲೆ ದೇಶಕ್ಕೆಲ್ಲ ಬಂತು. ನಮ್ಮ ಬೆಳೆ ವಿಮೆಯಲ್ಲಿ ಪಂಚಾಯಿತಿಯನ್ನು ಒಂದು ಘಟಕ ಅಂತ ಹಿಡಿದು ಅದರ ಸರಾಸರಿ ಇಳುವರಿ ನೋಡುತ್ತಾರಲ್ಲ, ಅದೇ ರೀತಿ. ಅಲ್ಲಿ ಸುಮ್ ಘಟಕ. ಇಡೀ ಸುಮ್‌ನಲ್ಲಿ ಸಾವು ಶೇಕಡಾ 6 ದಾಟಿದರೆ ವಿಮೆ ಮಾಡಿಸಿದ ಎಲ್ಲರಿಗೂ ದುಡ್ಡು, ಅವರವರ ಕುರಿ ಸತ್ತಿರಲಿ ಬಿಡಲಿ. ಇದರಲ್ಲಿ ಒಂದು ಜಾಣತನ ಇದೆ: ಒಳ್ಳೆಯದಾಗಿ ನೋಡಿಕೊಂಡು ಕುರಿ ಉಳಿಸಿಕೊಂಡವನಿಗೆ ನಷ್ಟ ಆಗುವುದಿಲ್ಲ, ಮನೆಮನೆಗೆ ಹೋಗಿ ಹೆಣ ಎಣಿಸಬೇಕಾಗಿಲ್ಲ. ಕೊರತೆಯೂ ಅಲ್ಲೇ ಇದೆ: ಒಂದು ಕಣಿವೆಯಲ್ಲಿ ಮಾತ್ರ ಹಿಮ ಬಿದ್ದು ನಿಮ್ಮ ಹಿಂಡು ಪೂರ್ತಿ ಹೋದರೆ, ಸುಮ್‌ನ ಸರಾಸರಿ ಚೆನ್ನಾಗಿದ್ದರೆ, ಏನೂ ಸಿಗುವುದಿಲ್ಲ. ಬೆಳೆ ವಿಮೆ ಕಟ್ಟಿದವರು ತಲೆ ಆಡಿಸುತ್ತಿದ್ದೀರಿ. ಆದರೂ ನನಗೆ ಇದು ಬೇಕು ಅನಿಸುತ್ತದೆ. ಜೊತೆಗೆ ಬಾವಿ ರಿಪೇರಿ ಆಗಬೇಕು, ಮೇವಿನ ದಾಸ್ತಾನು ಸುಮ್ ಹತ್ತಿರವೇ ಇರಬೇಕು, ಓತರ್‌ಗೆ ಅಂತ ಮೀಸಲು ಹುಲ್ಲುಗಾವಲು ಇರಬೇಕು, ಎಲ್ಲಕ್ಕಿಂತ ಮೊದಲು ಜುಡ್ ಆದ ವರ್ಷ ಕಂತು ಮುಂದಕ್ಕೆ ಹೋಗಬೇಕು. ಆಗಸ್ಟ್‌ನಲ್ಲಿ ಹುಲ್ಲು ನೋಡಿದರೆ ಏಪ್ರಿಲ್ ಹೇಗಿರುತ್ತದೆ ಅಂತ ಅಂದಾಜು ಸಿಗುತ್ತದೆ. ಎಂಟು ತಿಂಗಳು ಮೊದಲೇ ಗೊತ್ತಾಗುವ ಆಪತ್ತು ಇದು. ಪರಿಹಾರ ಮಾತ್ರ ಹೆಣ ಬಿದ್ದ ಮೇಲೆ ಹೊರಡುತ್ತದೆ.

ಆ ಮುಂಡಗೋಡಿನ ಸನ್ಯಾಸಿಯನ್ನು ನಾನು ಆಮೇಲೆ ಇನ್ನೊಂದು ಸಲ ನೋಡಿದೆ. ಮಾತಿನ ನಡುವೆ ತಾಯಿಯ ವಿಷಯ ಬಂತು. ಚೊಚ್ಚಲ ಕುರಿ ಕೆಲವು ಸಲ ತನ್ನ ಮರಿಯನ್ನೇ ಹತ್ತಿರ ಸೇರಿಸುವುದಿಲ್ಲ, ನಿಮಗೆ ಗೊತ್ತು. ಸೋತ ಕುರಿಯೂ ಹಾಗೇ ಮಾಡುತ್ತದೆ. ಆಗ ಅಲ್ಲಿನ ಹೆಂಗಸರು ಅದರ ಪಕ್ಕ ಕೂತು ಮರಿಯನ್ನು ಕೆಚ್ಚಲಿಗೆ ಹಿಡಿದು ಹಾಡುತ್ತಾರೆ. 'ತೋಯ್ಗ್, ತೋಯ್ಗ್, ತೋಯ್ಗ್' ಅಂತ, ಅದೇ ಒಂದು ಪದ, ಜೋಗುಳದ ಹಾಗೆ, ಎಷ್ಟೋ ಹೊತ್ತು. ಒಂಟೆಗೆ ಬೇರೆ ಹಾಡು. ಒಂಟೆಯ ಹಾಡನ್ನು 2015ರಲ್ಲಿ ಯುನೆಸ್ಕೋದವರು ಕೂಡಲೇ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿದರು. ಕೇಳುತ್ತಾ ಕೇಳುತ್ತಾ ಕುರಿ ತಲೆ ತಿರುಗಿಸಿ ಮರಿಯನ್ನು ಮೂಸುತ್ತದೆ, ನೆಕ್ಕುತ್ತದೆ, ಹಾಲು ಬಿಡುತ್ತದೆ. ಆ ಸನ್ಯಾಸಿ ಹುಡುಗನಾಗಿದ್ದಾಗ ಒಂದು ಕೆಟ್ಟ ವಸಂತದಲ್ಲಿ ರೊಪ್ಪದಲ್ಲಿ ಜಾಗವಿಲ್ಲದೆ, ಉಳಿದ ಮರಿಗಳನ್ನೆಲ್ಲ ಗೆರ್ ಒಳಗೇ ತಂದು ಒಲೆಯ ಸುತ್ತ ಕಟ್ಟಿದ್ದರಂತೆ. ಮಕ್ಕಳು ಮರಿಗಳ ನಡುವೆ ಮಲಗುತ್ತಿದ್ದರು. ಹೊರಗೆ ಕತ್ತಲಲ್ಲಿ ತಾಯಿ ಹಾಡುವುದು ಕೇಳಿಸುತ್ತಿತ್ತು. ಹಾಡು ನಿಂತರೆ ಅವರು ಎದ್ದು ಕೂರುತ್ತಿದ್ದರು, ಯಾಕೆಂದರೆ ಒಂದೋ ಕುರಿ ಹಾಲು ಬಿಟ್ಟಿದೆ, ಇಲ್ಲ ಅಮ್ಮ ಬರಿಗೈಯಲ್ಲಿ ಒಳಗೆ ಬರುತ್ತಾಳೆ.